ನಾಲಗೆಯ ವಾರ

ಅಂಗಳದಲ್ಲಿ ಹಂಡೆಯ ಒಲೆಗೆ ಸೌದೆ ತುರುಕುತ್ತಿದ್ದ ರಂಜಿತಾಳ ಪಕ್ಕ ತಿಪ್ಪೇರುದ್ರಮ್ಮ ಕುಕ್ಕರಗಾಲಲ್ಲಿ ಕೂತು ಕಿವಿಗೆ ಬಾಯಿಟ್ಟಳು.

“ನಿಮ್ಮತ್ತೆ ಹೋಗೋಕ್ ಮುಂಚೆ ನಮ್ಮನೆ ವಿಷ್ಯ ಏನಾರ ಅಂದಿದ್ಲೇನೇ?”

ಒಳಗೆ ಅತ್ತೆ ಪೆದ್ದಮ್ಮನ ಹೆಣ ಬೆಳಗಿನಿಂದ ಚಾಪೆಯ ಮೇಲಿತ್ತು. ಈಯಮ್ಮ ಬಂದದ್ದು ರೇಷ್ಮೆ ಸೀರೆಯುಟ್ಟು, ಅದೂ ಪೆದ್ದಮ್ಮನ ಮಗ್ಗದಿಂದಲೇ ಇಳಿದ ಸೀರೆ. ಸಾವಿನ ಮನೆಗೆ ಉಟ್ಟು ಬರುವಂಥದ್ದೇ ಅದು!

“ಯಾವ ವಿಷ್ಯ?”

“ಅದೇ, ನಮ್ಮತ್ತೆ ಬೆನ್ನಾಗೆ ಹುಣ್ಣಾಗಿ ಹುಳ ಬಿದ್ದಿದ್ವಲ್ಲ. ನಾವೇನು ಬೇಕಂತ ಬಿಟ್ವಾ? ವಾಸ್ನೆ ತಡೀಲಾರ್ದೆ ಹಿತ್ಲಾಗೆ ಮಲಗ್ಸಿದ್ವಿ, ಅಷ್ಟೇ.”

ರಂಜಿತಾಳಿಗೆ ಇದು ಗೊತ್ತೇ ಇರಲಿಲ್ಲ. ಇದಕ್ಕೆ ಮುಂಚೆ ಪಕ್ಕದ ಮನೆಯ ಕಾಟಮ್ಮ ನೀರು ಕುಡಿಯುವ ನೆಪದಲ್ಲಿ ಅಡುಗೆಮನೆಗೆ ನುಗ್ಗಿ ಇದನ್ನೇ ಕೇಳಿದ್ದಳು. ತನ್ನ ಸತ್ತ ಮಾವನ ಹೆಬ್ಬೆಟ್ಟಿಗೆ ಮಸಿ ಹಚ್ಚಿ ಜಮೀನಿನ ಕಾಗದಕ್ಕೆ ಒತ್ತಿಸಿಕೊಂಡದ್ದನ್ನು ತಾನೇ ಕಕ್ಕಿ ಹೋಗಿದ್ದಳು. ಕುಂಬಳಕಾಯಿ ಕಳ್ಳ ಎಂದು ಯಾರೂ ಅಂದಿರಲಿಲ್ಲ, ಇವರೇ ಸಾಲಾಗಿ ಬಂದು ಹೆಗಲು ತೋರಿಸುತ್ತಿದ್ದರು.

ಬೀದಿಯಲ್ಲಿ ಯಾರು ಸತ್ತರೂ ಮೈ ತೊಳೆಯಲು ಪೆದ್ದಮ್ಮನೇ ಬೇಕಿತ್ತು. ಹಾಗಾಗಿ ಎಲ್ಲರ ಮನೆಯ ಕೊಳೆಯನ್ನೂ ಅವಳು ಕಂಡಿದ್ದಳು.

“ಅತ್ತಮ್ಮ ನನ್ ಹತ್ರ ಯಾರ ಮನೆ ವಿಷ್ಯನೂ ಆಡಿಲ್ಲ.”

“ಹೋಗೇ, ಅಷ್ಟೆಲ್ಲಾ ನೋಡಿ ಯಾರಾದ್ರೂ ಹೊಟ್ಟೆಯಾಗೇ ಇಟ್ಕಂತಾರಾ!”

ತಮ್ಮ ಬಾಯಿಯಿಂದಲೇ ಊರವರ ಬಾಯಿಯನ್ನೆಲ್ಲ ಅಳೆಯುವ ಜನ. ರಂಜಿತಾ ಎದ್ದು ಹೋದಳು.

*

ಮದುವೆಯಾಗಿ ಬಂದ ಹೊಸತರಲ್ಲಿ ಅವಳೂ ಮೂಗು ಮುರಿದಿದ್ದಳು. ಅತ್ತೆ ಹೆಣದ ಮನೆಯಿಂದ ಬಂದು, ತಲೆಗೆ ನೀರು ಹಾಕಿಕೊಂಡು ಮಗ್ಗದ ಗುಂಡಿಗೆ ಕಾಲಿಳಿಸಿದಾಗ ಕೇಳಿಯೇಬಿಟ್ಟಿದ್ದಳು.

“ಅಸಹ್ಯ ಆಗಲ್ವಾ ಅತ್ತಮ್ಮ?”

“ಮುಂಬೈನಾಗೆ ಇದ್ವಲ್ಲ, ನಿಮ್ಮಾವ ಬಟ್ಟೆ ಗಿರಣಿಗೆ ಹೋಗ್ತಿದ್ದಾಗ,” ಎಂದಿದ್ದಳು ಪೆದ್ದಮ್ಮ. “ಚಾಳಿನಾಗೆ ರಾಹೇಲ್‌ಬಾಯಿ ಅಂತ ಯೆಹೂದಿಗಳಾಕೆ. ನನ್ನ ಚೊಚ್ಚಲು ಕೂಸು ಸತ್ತಾಗ ಒಬ್ರೂ ಹತ್ರ ಬರ್ಲಿಲ್ಲ. ಆಕೆ ಬಂದು ತೊಳೆದುಕೊಟ್ಳು. ಸತ್ತೋರಿಗೆ ಮಾಡೋದೇ ನಿಜವಾದ ಉಪಕಾರ ಅಂತೆ ಅವರಲ್ಲಿ. ಸತ್ತೋರು ತಿರುಗಿಸಿ ಕೊಡಕ್ಕಾಗಲ್ವಲ್ಲ.”

ಕ್ರಮವನ್ನೂ ಆಕೆಯೇ ಕಲಿಸಿದ್ದಳಂತೆ. ಮೊದಲು ಹೆಸರು ಹಿಡಿದು ಕ್ಷಮೆ ಕೇಳಬೇಕು. ಮೈಮೇಲಿನ ಬಟ್ಟೆ ಪೂರಾ ಸರಿಸಬಾರದು. ಕಂಡದ್ದನ್ನು ಹೊರಗೆ ಆಡಬಾರದು. ಹೇಳಲೇಬೇಕಾದ್ದಿದ್ದರೆ ತಪ್ಪು ಮಾಡಿದವರ ಮುಖಕ್ಕೇ ಹೇಳಬೇಕು, ಅದೂ ಅವರೊಬ್ಬರೇ ಇದ್ದಾಗ.

“ವಾರಕ್ಕೊಂದು ಗುಣ ಹಿಡಿದು ಸಾಧನೆ ಮಾಡೋಳು ಕಣಮ್ಮ ಆಕೆ. ಒಂದ್ವಾರ ತಾಳ್ಮೆ, ಒಂದ್ವಾರ ಸಿಟ್ಟು ನುಂಗೋದು. ನಂಗೆ ನಾಲಗೆ ವಾರ ಕೊಟ್ಳು.” ಪೆದ್ದಮ್ಮ ಲಾಳಿ ಎಸೆದು ನಕ್ಕಿದ್ದಳು. “ಅದಿನ್ನೂ ಮುಗಿದೇ ಇಲ್ಲ ನೋಡು.”

*

ನೀರು ಕಾದಿತು. ಮೈ ತೊಳೆಯಲು ಇಬ್ಬರು ಬೇಕು, ಮರೆಗೆ ಬಟ್ಟೆ ಹಿಡಿಯಲು ಒಬ್ಬರು, ನೀರು ಹಾಕಲು ಒಬ್ಬರು. ರಂಜಿತಾ ಬಾಗಿಲಿಗೆ ಬಂದು ಕರೆದಳು.

“ಯಾರಾದ್ರೂ ಒಬ್ರು ಬರ್ರಿ.”

ಜಗಲಿಯ ತುಂಬ ಹೆಂಗಸರಿದ್ದರು. ಕಾಟಮ್ಮ ಸೊಂಟ ಹಿಡಿದುಕೊಂಡಳು. ಬಸವಲಿಂಗಮ್ಮನಿಗೆ ಮೊಮ್ಮಗಳ ಮದುವೆ ಗೊತ್ತಾಗಿತ್ತಂತೆ, ಹೆಣ ಮುಟ್ಟುವ ಹಾಗಿಲ್ಲವಂತೆ. ತಿಪ್ಪೇರುದ್ರಮ್ಮ ಮಾತ್ರ ದೊಡ್ಡ ಗಂಟಲಲ್ಲೇ ಅಂದಳು.

“ಊರ ಹೆಣನೆಲ್ಲ ಮುಟ್ಟಿದ ಮೈ ಕಣಮ್ಮ ಅದು, ಥೂ! ಮ್ಯಾಲೆ ಮ್ಯಾಲೆ ಎರಡು ಚೆಂಬು ಹಾಕಿ ಕಳಿಸ್ರಿ. ಯಾರು ನೋಡ್ತಾರೆ?”

ಇವಳ ಅತ್ತೆಯ ಬೆನ್ನಿನಿಂದ ಹುಳ ಆರಿಸಿದ್ದು ಪೆದ್ದಮ್ಮನ ಕೈಯೇ. ರಂಜಿತಾಳಿಗೆ ನೆತ್ತಿಯವರೆಗೆ ಉರಿಯಿತು.

“ತಿಪ್ಪೇರುದ್ರಮ್ಮಾರೇ!”

ಚಟ್ಟ ಕಟ್ಟುತ್ತಿದ್ದ ರಂಜಿತಾಳ ಗಂಡ ನಾಗಾರ್ಜುನ ಕೈ ನಿಲ್ಲಿಸಿ ನೋಡಿದ. ತಿಪ್ಪೇರುದ್ರಮ್ಮನ ಮುಖ ಬಿಳಿಚಿತು. ಒಂದೇ ಮಾತು ಸಾಕಿತ್ತು, ಇಡೀ ಬೀದಿಯೆದುರು ಇವಳ ಮಾನ ಹರಾಜಾಗುತ್ತಿತ್ತು. ಮಾತು ನಾಲಗೆಯ ತುದಿಗೇ ಬಂದು ನಿಂತಿತ್ತು. ಅತ್ತೆ ಅಷ್ಟು ವರ್ಷ ಬಚ್ಚಿಟ್ಟದ್ದನ್ನು ಅವಳ ಹೆಣ ಇನ್ನೂ ಮನೆಯಲ್ಲಿರುವಾಗಲೇ ಬೀದಿಗೆ ಸುರಿಯುವುದೇ? ಇವರಿಗೆ ತಕ್ಕದ್ದೇ ಅದು, ನಿಜ. ಆದರೆ ಅತ್ತೆಗೆ?

“ಒಸಿ ಸರೀರಿ,” ಎಂದಳು. “ನೀರು ತಗಂಡು ಹೋಗ್ಬೇಕು.”

ನೀರು ತಂದು ಒಳಗಿಟ್ಟು ಕದ ಮುಚ್ಚಿದಳು. ಕಿಟಕಿಗೆ ಬಾಗಿಲಿರಲಿಲ್ಲ, ಆಗಲೇ ಅಲ್ಲಿ ತಲೆಗಳು ಸೇರಿದ್ದವು. ಹಳೆಯ ಸೀರೆಯ ಒಂದು ತುದಿಯನ್ನು ಮಗ್ಗದ ಕಂಬಕ್ಕೆ ಕಟ್ಟಿದಳು. ಹಿಡಿಯಲು ಇನ್ನೊಬ್ಬರಿಲ್ಲ.

“ಪೆದ್ದಮ್ಮಾ,” ಎಂದಳು. ಅತ್ತೆಯನ್ನು ಹೆಸರು ಹಿಡಿದು ಕರೆದದ್ದು ಅದೇ ಮೊದಲು. “ಏನಾದ್ರೂ ತಪ್ಪಾದ್ರೆ ಕ್ಷಮಿಸು.”

ಸೀರೆಯ ಇನ್ನೊಂದು ತುದಿಯನ್ನು ಹಲ್ಲಲ್ಲಿ ಕಚ್ಚಿ ಹಿಡಿದಳು. ಮರೆ ಆಯಿತು, ಎರಡೂ ಕೈ ಬಿಡುವಾದವು. ಚೆಂಬು ಎತ್ತಿದಳು.

“ಮೈ ಮ್ಯಾಲೆ ಏನಾರ ಕಂಡ್ತೇನೇ ರಂಜಿತಾ?” ಕಿಟಕಿಯಿಂದ ಕಾಟಮ್ಮನ ದನಿ. “ಲೇ, ನಿನ್ನೇ ಕೇಳಿದ್ದು!”

ನೀರು ಗೋಡೆ ಬುಡದ ಕಿಂಡಿಯಿಂದ ಹೊರಟು ಜಗಲಿಯ ಬುಡಕ್ಕೆ ಬಂತು. ತಿಪ್ಪೇರುದ್ರಮ್ಮ ರೇಷ್ಮೆಯ ನೆರಿಗೆ ಎತ್ತಿ ಹಿಡಿದು ಹಿಂದಕ್ಕೆ ಸರಿದಳು. ನೀರು ಬರುತ್ತಲೇ ಇತ್ತು. ಒಳಗೆ ರಂಜಿತಾಳ ಹಲ್ಲುಗಳ ನಡುವೆ ಸೀರೆ ಬಿಗಿದೇ ಇತ್ತು.