ಹುಣಸೆಹಣ್ಣಿನಲ್ಲಿ ತೊಳೆದ ಪ್ಯಾಕಿಂಗ್

ಶುಕ್ರವಾರ ಬೆಂಗಳೂರಿನ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ವರಲಕ್ಷ್ಮಮ್ಮನಿಗೆ ಉಪಾಧ್ಯಾಯಿನಿ ಕೆಲಸದ ಸಂದರ್ಶನವಿತ್ತು. ಗಂಡ ಯುದ್ಧಕ್ಕೆ ಹೋಗಿದ್ದ. ಮಾವ ಅಪ್ಪಯ್ಯಣ್ಣನವರು ಒಪ್ಪಿದ್ದರು, ಆದರೆ ಮನೆಯ ಕಾರಿನಲ್ಲಾದರೆ ಮಾತ್ರ. ಹಿಂದೆ ಇದ್ದಿಲಿನ ಒಲೆ ಕಟ್ಟಿಕೊಂಡು ಓಡುವ ಬಸ್ಸಿಗೆ ಮನೆಯ ಹೆಂಗಸರು ಹತ್ತಕೂಡದು.

ಕಾರು ದೊಡ್ಡಬಳ್ಳಾಪುರದ ಮನೆಯಂಗಳದಲ್ಲಿ ಬಾನೆಟ್ ತೆರೆದು ನಿಂತಿತ್ತು. ಇಂಜಿನ್ನಿನ ಹೊಗೆಯನ್ನು ಒಟ್ಟುಮಾಡಿ ಹೊರಗೆ ಕಳಿಸುವ ಮ್ಯಾನಿಫೋಲ್ಡ್ ಸೀಳುಬಿಟ್ಟು, ಒಳಗೆ ಕೂತವರ ಕಣ್ಣಿಗೆ ಹೊಗೆ ತುಂಬುತ್ತಿತ್ತು.

ಗುರುವಾರ ಬೆಳಿಗ್ಗೆ ಕಾರು ರಿಪೇರಿಯ ಚಿಕ್ಕಬೀರಪ್ಪ ತುಕ್ಕು ಹಿಡಿದ ನಟ್ಟುಗಳಿಗೆ ಸೀಮೆಎಣ್ಣೆ ಬಿಟ್ಟು, ಒಂದೊಂದನ್ನೇ ಪುಸಲಾಯಿಸಿ ಬಿಚ್ಚಿದ. ಯಾವುದಾದರೂ ಮುರಿದೀತೆಂದು ವರಲಕ್ಷ್ಮಮ್ಮ ಕಂಬ ಹಿಡಿದು ನಿಂತಿದ್ದಳು. ಒಂದೂ ಮುರಿಯಲಿಲ್ಲ. ಇಷ್ಟು ಸಲೀಸಾಗಿ ನಡೆದದ್ದರಿಂದಲೇ ಅವಳ ಭಯ ಇನ್ನಷ್ಟು ಹೆಚ್ಚಿತು. ಹೊಗೆ ಸೋರದಂತೆ ಸಂದಿಗೆ ಹಾಕಿದ್ದ ಹಳೆಯ ಪ್ಯಾಕಿಂಗ್ ಪುಡಿಯಾಗಿತ್ತು; ಅದನ್ನು ಅವನು ಕೆರೆದು ತೆಗೆದ. ಗುಜರಿಯಿಂದ ತಂದ ಇನ್ನೊಂದು ಮ್ಯಾನಿಫೋಲ್ಡನ್ನು ಹಿಡಿದು ನೋಡಿದ. ಸರಿಯಾಗಿ ಕೂತಿತು.

"ಇನ್ನು ಹೊಸ ಪ್ಯಾಕಿಂಗ್ ಮಧ್ಯೆ ಇಟ್ಟು ಬಿಗಿದ್ರೆ ಆಯ್ತು, ಅಮ್ಮಾವ್ರೇ. ಎಲ್ಲಿ, ಜಗಲಿ ಮೇಲೆ ಇಟ್ಟಿದ್ನಲ್ಲ?"

ಜಗಲಿಯ ಮೇಲೆ ಇರಲಿಲ್ಲ. ಬಾವಿಕಟ್ಟೆಯಿಂದ ಅತ್ತೆ ಮುನಿತಾಯಮ್ಮ ಬುಟ್ಟಿ ಹೊತ್ತು ಬಂದರು. ಶುಕ್ರವಾರದ ಪೂಜೆಗೆ ಮನೆಯ ತಾಮ್ರ, ಹಿತ್ತಾಳೆಯನ್ನೆಲ್ಲ ಹಿಂದಿನ ದಿನವೇ ಹುಣಸೆಹಣ್ಣು ಹಾಕಿ ಉಜ್ಜುವುದು ಅವರ ಕ್ರಮ. ದೀಪ, ಚೊಂಬುಗಳ ಮೇಲೆ ಪ್ಯಾಕಿಂಗೂ ಥಳಥಳಿಸುತ್ತಿತ್ತು.

"ತಾಮ್ರದ್ದು, ಮಂಕಾಗಿ ಬಿದ್ದಿತ್ತು. ಯಾವ ಮನೇಲಿ ತಾಮ್ರಾನ ಹಂಗಿಡ್ತಾರೆ?"

ಚಿಕ್ಕಬೀರಪ್ಪ ಅದನ್ನು ಎತ್ತಿ ಒತ್ತಿದ. ತಗಡು ಸೊಟ್ಟಗಾಗಿತ್ತು. ಅಂಚಿನಿಂದ ಹುಳಿನೀರು ತೊಟ್ಟಿಕ್ಕಿತು.

"ಇದರ ಹೊಟ್ಟೇಲಿ ಬೆಂಕಿ ತಡೆಯೋ ಕಲ್ನಾರು ಇತ್ತು, ದೊಡ್ಡಮ್ಮಾವ್ರೇ. ಈಗ ಸಾರು ಐತೆ. ಒಗ್ಗರಣೆ ಒಂದು ಬಾಕಿ."

"ಇನ್ನೊಂದು ಸಿಗಲ್ವೇ?" ವರಲಕ್ಷ್ಮಮ್ಮ ಕೇಳಿದಳು.

"ಬೆಂಗಳೂರಲ್ಲೇ ಸಿಗೋದು. ಮಾದರಿಗೆ ಇದನ್ನೇ ಒಯ್ಬೇಕು."

"ನಾಳೆ ನಾನು ತಾಲೂಕು ಕಚೇರೀಲಿ ಅಮಲ್ದಾರ್ರನ್ನ ಕಾಣ್ಬೇಕು. ಮುಂದಿನ ವಾರ ನೋಡೋಣ," ಎಂದರು ಬಾಗಿಲಲ್ಲಿ ನಿಂತಿದ್ದ ಅಪ್ಪಯ್ಯಣ್ಣ. ಮುಂದಿನ ವಾರದ ಹೊತ್ತಿಗೆ ಆ ಕೆಲಸದಲ್ಲಿ ಇನ್ಯಾರೋ ಕೂತಿರುತ್ತಾರೆ. ವರಲಕ್ಷ್ಮಮ್ಮ ಸೆರಗಿನ ತುದಿಯನ್ನು ಮಡಿಸಿದಳು, ಬಿಚ್ಚಿದಳು.

ಮುನಿತಾಯಮ್ಮ ಸೊಸೆಯ ಸೆರಗನ್ನೇ ನೋಡುತ್ತಿದ್ದರು.

"ಕೆಡಿಸಿದೋಳು ನಾನು. ನಾಳೆ ನಾನೇ ಹೋಗಿ ತರ್ತೀನಿ. ಅಂಗಡಿಯೋರು ಇಂಗ್ಲಿಷಲ್ಲಿ ಏನಾದ್ರೂ ಕೇಳಿದ್ರೆ? ಇವಳೂ ಬರ್ಲಿ."

"ಹೆಂಗೆ ಹೋಗ್ತೀಯ?" ಅಪ್ಪಯ್ಯಣ್ಣ ಕೇಳಿದರು.

"ಬಸ್ಸಲ್ಲಿ. ನಿಮ್ಮ ಕಾರಿಗೆ ಪ್ಯಾಕಿಂಗ್ ಇಲ್ವಲ್ಲ."

ಅಪ್ಪಯ್ಯಣ್ಣನವರು ಕಾರನ್ನು ನೋಡಿದರು. ಅದು ಅವರ ಪರವಾಗಿ ಏನೂ ಹೇಳಲಿಲ್ಲ.

ಮರುದಿನ ಬಸ್ಸಿನಲ್ಲಿ ಪ್ಯಾಕಿಂಗ್ ಅತ್ತೆಯ ಮಡಿಲಲ್ಲಿತ್ತು, ಮಡಿಬಟ್ಟೆಯಲ್ಲಿ ಸುತ್ತಿಕೊಂಡು.

"ಮೊದಲು ನಿನ್ನ ಸ್ಕೂಲು. ಅಂಗಡಿ ಎಲ್ಲಿಗೂ ಓಡೋಗಲ್ಲ," ಎಂದರು ಮುನಿತಾಯಮ್ಮ. ಹಿಂದುಗಡೆ ಒಲೆಗೆ ಕಂಡಕ್ಟರ್ ಇದ್ದಿಲು ಸುರಿಯುವುದನ್ನು ಸ್ವಲ್ಪ ಹೊತ್ತು ಗಮನಿಸಿ, ಸೊಸೆಯ ಕಡೆ ಬಾಗಿದರು.

"ಇದರ ಇಂಜಿನ್ನಿಗೂ ಪ್ಯಾಕಿಂಗ್ ಇರ್ತದಾ?"

"ಇರುತ್ತೆ ಅತ್ತೆ."

"ಯಾರೂ ತೊಳೆದಿಲ್ಲ ತಾನೆ?"