ಸಂತೆ ಬಡಿತ

ಹುಲ್ಲು ಹೊತ್ತಿಕೊಂಡಿತು, ನೋಡನೋಡುತ್ತಲೇ ಬೂದಿಯೂ ಆಯಿತು, ಇನ್ನೊಂದು ಹಿಡಿ ಹಾಕಬೇಕು, ಚರ್ಮ ಇನ್ನೂ ಸಡಿಲ, ಬೆರಳಲ್ಲಿ ತಟ್ಟಿದರೆ ಬದ್ ಅನ್ನುತ್ತದೆ, ಕಾದ ಚರ್ಮದ ಈ ವಾಸನೆ ಮೂಗಿಗೆ ಬಡಿದು ಆರು ವರ್ಷವಾಯಿತಲ್ಲ, ಯುದ್ಧ ಮುಗಿದ ಮರುವರ್ಷದ ಬೇಸಿಗೆ ಅದು, ಈಗ ಐವತ್ತೆರಡನೇ ಇಸವಿ — ಉಚ್ಚೆಂಗೆಪ್ಪ ಹಲಗೆಯನ್ನು ಉರಿಯ ಮೇಲೆ ತಿರುಗಿಸಿದ. ತನ್ನದಲ್ಲ ಈ ಹಲಗೆ, ಸಿರುಗುಪ್ಪದ ಡಂಗುರದವನದು, ಆ ಪುಣ್ಯಾತ್ಮ ಇವತ್ತೇ ನೆಂಟರ ಮದುವೆಗೆ ಹೋಗಬೇಕಿತ್ತೆ, ತಾಲ್ಲೂಕು ಕಚೇರಿಯ ಕಸ ಹೊಡೆದುಕೊಂಡು ತನ್ನ ಪಾಡಿಗೆ ತಾನಿದ್ದವನ ಕೈಗೆ ಇದು ಬಂತು, ಹೆಲ್ತ್ ಇನ್ಸ್‌ಪೆಕ್ಟರ್ ಸಾಹೇಬರು ಸೈಕಲ್ಲಿಗೆ ಒರಗಿ ನಿಂತಿದ್ದಾರೆ, ಏನೋ ಉಚ್ಚೆಂಗೆಪ್ಪ, ನೀನು ಕುರುಗೋಡಿನ ಹಳೇ ಕೈ ಅಂತಲ್ಲೋ, ಯಾರೂ ಹೇಳಲೇ ಇಲ್ಲ ನೋಡು, ನಾಳಿಂದ ಸಾಲಿ ಮಕ್ಕಳಿಗೆ ಹಾಲಿನ ಪುಡಿ ಕೊಡ್ತಾರ, ದೊಡ್ಡ ದೊಡ್ಡ ಡಬ್ಬಿ ಬಂದಾವು, ಊರ ತುಂಬ ಸಾರಬೇಕು, ಜೋರಾಗಿ ಸಾರಬೇಕು. ಹೂಂ ಸಾಹೇಬ್ರೇ ಅಂದದ್ದೂ ಆಯಿತು, ಹೂಂ ಅನ್ನದೆ ಏನು ಮಾಡುವುದು, ಕೆಲಸದವನ ಬಾಯಲ್ಲಿ ಬೇರೆ ಮಾತು ಇರುತ್ತದೆಯೆ, ಆದರೆ ಡಬ್ಬಿ ಅಂದರಲ್ಲ, ಹಾಲು ಅಂದರಲ್ಲ, ಆ ಎರಡು ಮಾತು ಒಟ್ಟಿಗೆ ಬಿದ್ದೊಡನೆ ಹೊಸ್ತಿಲು ಕಂಡಿತು, ಹೊಸ್ತಿಲ ಮೇಲೆ ಸುಂಕಮ್ಮ — ಬೇಡ, ಹುಲ್ಲು ಹಾಕು, ಚರ್ಮ ಕಾಯಿಸು, ಸುಡದ ಹಾಗೆ ನೋಡಿಕೋ.

ಬಿಗಿಯಾಗುತ್ತಿದೆ, ಈಗ ಟಣ್ ಅನ್ನುತ್ತದೆ, ಅಪ್ಪನ ಹಲಗೆ ಇನ್ನೂ ಚೆನ್ನಾಗಿ ಅನ್ನುತ್ತಿತ್ತು, ಅಪ್ಪ ಓಬಣ್ಣ, ಕುರುಗೋಡಿನ ಡಂಗುರದ ಹಕ್ಕು ಅವನದು, ಅವನಪ್ಪನದು, ಹಕ್ಕು ಅಂದರೆ ಸುಗ್ಗಿಯಲ್ಲಿ ಒಂದು ಮೊರ ಜೋಳ ಮತ್ತು ವರ್ಷವಿಡೀ ಬೈಗುಳ, ಆದರೂ ಅಪ್ಪ ಹಲಗೆ ಹೆಗಲಿಗೆ ಹಾಕಿದನೆಂದರೆ ಗೌಡನಿಗಿಂತ ನೆಟ್ಟಗೆ ನಡೆಯುತ್ತಿದ್ದ. ಎರಡು ಬಡಿತ ಕಲಿ, ಲೇ, ಸಾಕು, ಅನ್ನುತ್ತಿದ್ದ, ಸಂತಿ ಬಡಿತ ಒಂದು, ಜಡ್ಡಿನ ಬಡಿತ ಒಂದು, ಸಂತೆ ಬಡಿತ ಕುಣಿಸುವಂಥದು, ಏಟಿನ ಹಿಂದೆ ಏಟು, ಬಟ್ಟೆ ಬಂತು, ಬೆಲ್ಲ ಬಂತು, ಬಯಲಾಟ ಬಂತು, ಬರ್ರಿ ಬರ್ರಿ ಅನ್ನುವುದು, ಜಡ್ಡಿನ ಬಡಿತ ಮೂರೇ ಏಟು, ಒಂದೊಂದರ ನಡುವೆ ಉಸಿರು ಬಿಟ್ಟು ಉಸಿರು ತೆಗೆದುಕೊಳ್ಳುವಷ್ಟು ಬಿಡುವು, ಕಾಲರಾ ಬಂದಾಗ, ಪ್ಲೇಗು ಬಂದಾಗ, ಬಾವಿಗೆ ಹೆಣ ಬಿದ್ದಾಗ. ಹೊಲದಾಗ ಇರೋರಿಗೆ ನಿನ್ನ ಮಾತು ಮುಟ್ಟಂಗಿಲ್ಲಲೇ, ಬಡಿತ ಮುಟ್ತೈತಿ, ಬಾಯಿ ತೊದಲಿದ್ರೂ ನಡೀತೈತಿ, ಕೈ ತೊದಲಬಾರದು. ತಂಗಿ ಸುಂಕಮ್ಮ ಬೀಸುಕಲ್ಲಿನ ಮುಂದೆ ಕೂತು ಎಲ್ಲ ಕೇಳಿಸಿಕೊಳ್ಳುತ್ತಿದ್ದಳು, ಹೆಣ್ಣುಮಕ್ಕಳು ಹಲಗೆ ಮುಟ್ಟುವಂತಿಲ್ಲ, ಮುಟ್ಟಿದರೆ ಮಳೆ ಹೋಗುತ್ತದೆ ಅಂತ ಅವ್ವ ಹೆದರಿಸಿದ್ದಳು, ಆದರೆ ಕಿವಿಗೆ ಯಾರು ಬೀಗ ಹಾಕುತ್ತಾರೆ, ತನಗಿಂತ ಅವಳ ಕಿವಿಯೇ ಚುರುಕು, ಅಣ್ಣಾ, ಮೂರನೇ ಏಟು ಲಗೂ ಬಿತ್ತು ನೋಡು, ಮಂದಿ ಹಬ್ಬ ಅನ್ಕೊಂಡಾರು, ಅಂತ ನಗುತ್ತಿದ್ದಳು, ತಿದ್ದುತ್ತಿದ್ದಳು, ಆಗ ಅವಳಿಗೆ ಹತ್ತು ವರ್ಷವೋ ಹನ್ನೊಂದೋ. ಅದೇ ಕೇರಿಯಲ್ಲಿ ಮದುವೆಯಾದಳು, ಅದೇ ಹೊಲಗಳಿಗೆ ಕೂಲಿಗೆ ಹೋದಳು, ಅವಳು ಕುರುಗೋಡು ಬಿಟ್ಟು ಹೋಗಲಿಲ್ಲ, ಹೋದವನು ತಾನು, ಯುದ್ಧದ ಕಾಲಕ್ಕೆ ಬಳ್ಳಾರಿಯ ದಂಡಿನಲ್ಲಿ ಮೂಟೆ ಹೊರುವ ಕೆಲಸ ಇದೆ ಅಂತ ಕೌಲ್ ಬಜಾರಿಗೆ ಹೋಗಿ ಒಂದು ಗುಡಿಸಲು ಹಾಕಿಕೊಂಡವನು.

ಯುದ್ಧ ಮುಗಿಯಿತು, ದಂಡು ಎದ್ದು ಹೋಯಿತು, ಬಿಟ್ಟುಹೋದ ಮಾಲು ಹರಾಜಾಯಿತು, ಬೂಟು, ಕಂಬಳಿ, ಬಕೆಟ್ಟು, ಅದರ ಜೊತೆಗೆ ಗಟ್ಟಿ ಹಾಲಿನ ಡಬ್ಬಿ, ಅಂಗೈಯಗಲದ ತಗಡಿನ ಡಬ್ಬಿ, ಮೇಲೆ ಬಿಳಿ ಹಸುವಿನ ಚಿತ್ರ, ಬ್ರೂಸ್‌ಪೇಟೆಯ ತಿಪ್ಪೇರುದ್ರಪ್ಪ ಸಾಹುಕಾರರು ಗಾಡಿಗಟ್ಟಲೆ ತಂದು ಹಿತ್ತಲ ತಗಡಿನ ಮಾಡಿನ ಕೆಳಗೆ ಪೇರಿಸಿದರು, ಬಳ್ಳಾರಿಯ ಬಿಸಿಲು, ಆ ತಗಡು ಮುಟ್ಟಿದರೆ ಬೊಬ್ಬೆ ಏಳುತ್ತಿತ್ತು, ಒಳಗಿನ ಹಾಲು ಏನಾಗಿರಬೇಡ, ಆಗ ಯಾರಿಗೆ ಹೊಳೆಯಿತು ಇದು, ಯಾರಿಗೂ ಹೊಳೆಯಲಿಲ್ಲ, ಡಬ್ಬಿಗಳು ಮಾತ್ರ ಒಂದೊಂದಾಗಿ ಉಬ್ಬತೊಡಗಿದವು, ಎರಡೂ ಕಡೆ, ಈಯುವ ದಿನ ಹತ್ತಿರವಾದ ಮೇಕೆಯ ಹೊಟ್ಟೆಯ ಹಾಗೆ. ಉಚ್ಚೆಂಗಿ, ಹಳ್ಳಿ ಹಳ್ಳಿಗೆ ಹೋಗಿ ಸಾರು, ಅಂದರು ಸಾಹುಕಾರರು, ಕುರುಗೋಡು, ಸಿರುಗುಪ್ಪ, ಹಚ್ಚೊಳ್ಳಿತನಕ ಹೋಗು, ಮಿಲಿಟರಿ ಹಾಲು ಬಂದೈತಿ ಅನ್ನು, ಬಿಳಿ ಮಂದಿ ಕುಡಿಯೋ ಹಾಲು ಅನ್ನು. ಸಂತೆ ಬಡಿತ ಬಡಿದ, ಎಂಥಾ ಬಡಿತ, ಕುರುಗೋಡಿನ ಗುಡ್ಡ ಅದನ್ನು ಹಿಡಿದು ವಾಪಸು ಕೊಡುತ್ತಿತ್ತು, ಮಂದಿ ಮುಗಿಬಿದ್ದರು, ಉಬ್ಬಿದ ಡಬ್ಬಿಗೇ ಮೊದಲು ಕೈ ಹಾಕಿದರು, ಉಬ್ಬಿದ್ದೆಂದರೆ ತುಂಬಿದ್ದು ಅಂತ ಲೆಕ್ಕ, ಚಪ್ಪಟೆ ಡಬ್ಬಿ ಹಿಡಿದವರು ಜಗಳಕ್ಕೆ ಬಂದರು, ನಮಗ್ಯಾಕ ಕಮ್ಮಿ ಹಾಲಿಂದು ಅಂತ. ನಗಬೇಡ, ನೀನೇನು ಬೃಹಸ್ಪತಿಯೆ, ಸಾಹುಕಾರರು ನಿನಗೂ ಒಂದು ತಗೋ, ನೀನೇ ಆರಿಸ್ಕೋ ಅಂದಾಗ ರಾಶಿಯಲ್ಲಿ ಕೈಯಾಡಿಸಿ, ಬೆರಳ ಗೆಣ್ಣಿನಿಂದ ಕುಟ್ಟಿ ಕುಟ್ಟಿ ನೋಡಿ, ಎಲ್ಲದಕ್ಕಿಂತ ಹೆಚ್ಚು ಉಬ್ಬಿದ್ದನ್ನು ಎತ್ತಿಕೊಂಡವನು ಯಾರು. ಒಯ್ದು ಸುಂಕಮ್ಮನ ಕೈಗಿಟ್ಟ, ಅವಳ ಮಗಳು ಮಾರೆಮ್ಮ ಹೆತ್ತು ಎಂಟು ದಿನವಾಗಿತ್ತು, ಹೆಣ್ಣು ಕೂಸು, ಸುಂಕಮ್ಮ ಡಬ್ಬಿಯನ್ನು ಸೆರಗಿನಿಂದ ಒರೆಸಿ ದೇವರ ಗೂಡಿನಲ್ಲಿಟ್ಟಳು, ಹೆಸರಿಡೋ ದಿನ ತೆಗೀತೀನಣ್ಣಾ, ಕೇರಿಗೆಲ್ಲ ಒಂದೊಂದು ಬೆರಳು ನೆಕ್ಕಸ್ತೀನಿ, ಇರೋದು ಒಂದ ಅಲ್ಲೇನು.

ಬಡಿಯಲ್ಲೋ ಉಚ್ಚೆಂಗೆಪ್ಪ, ಕಾದೈತಿ, ಸುಟ್ಟೀತು, ಅನ್ನುತ್ತಾರೆ ಇನ್ಸ್‌ಪೆಕ್ಟರು, ಬಂದೆ ಸಾಹೇಬ್ರೇ, ಇನ್ನೊಂದೀಟು, ಹಲಗೆ ಹೆಗಲಿಗೆ ಹಾಕಿಕೊಂಡದ್ದಾಯಿತು, ಕೋಲು ಕೈಯಲ್ಲಿದೆ, ಕೈ ಮಾತ್ರ ಏಳುವುದಿಲ್ಲ, ಅವತ್ತು ಹೇಗೆ ಎದ್ದಿತು, ಅವತ್ತು ಏಳಬಾರದಿತ್ತು. ಡಬ್ಬಿ ಮಾರಿ ಹತ್ತು ದಿನಕ್ಕೆ ಬ್ರೂಸ್‌ಪೇಟೆಯಲ್ಲಿ ಇಬ್ಬರು ಆಸ್ಪತ್ರೆ ಸೇರಿದರು, ಒಬ್ಬನ ಕಣ್ಣರೆಪ್ಪೆ ಎತ್ತಲು ಆಗುತ್ತಿಲ್ಲವಂತೆ, ನೀರು ಗಂಟಲಲ್ಲಿ ಇಳಿಯುತ್ತಿಲ್ಲವಂತೆ, ಡಾಕ್ಟರು ಡಬ್ಬಿ ತರಿಸಿ ಮೂಸಿ ನೋಡಿ ಅಂಗಡಿಗೇ ಬಂದರು, ಮಾರಿದ ಒಂದೊಂದು ಡಬ್ಬಿಯೂ ವಾಪಸು ಬರಬೇಕು, ಊರೂರಿಗೆ ಡಂಗುರ ಹೊಡೆಸಬೇಕು ಅಂತ ಹುಕುಂ. ತಿಪ್ಪೇರುದ್ರಪ್ಪ ಸಾಹುಕಾರರು ಕರೆಸಿದರು, ಅಂಗಡಿಯ ಕಟ್ಟೆಯ ಮೇಲೆ ಕೂರಿಸಿದರು, ಕಟ್ಟೆಯ ಮೇಲೆ, ಪಕ್ಕದಲ್ಲಿ, ಚಹಾ ತರಿಸಿದರು, ಬ್ರೂಸ್‌ಪೇಟೆಯ ಹೋಟೆಲುಗಳಲ್ಲಿ ತನ್ನಂಥವರಿಗೆ ಹೊರಗೆ ತೂಗುಹಾಕಿದ ತೆಂಗಿನ ಚಿಪ್ಪಿನಲ್ಲೇ ಚಹಾ, ಸಾಹುಕಾರರು ತಮ್ಮ ಗ್ಲಾಸಿನಂಥದೇ ಗ್ಲಾಸಿನಲ್ಲಿ ತಮ್ಮ ಕೈಯಾರೆ ಕೊಟ್ಟರು, ಕುಡಿ ಅಂದರು. ನೋಡು ಉಚ್ಚೆಂಗಿ, ಡಬ್ಬಿ ವಾಪಸ್ ತಗೋತೀವಿ ಅಂತ ಸಾರು, ಉಬ್ಬಿದ್ದು ಕುಡೀಬ್ಯಾಡ್ರಿ ಅಂತ ಸಾರು, ಮಾತಿನಾಗ ಏನೂ ಮುಚ್ಚಬ್ಯಾಡ, ಆದ್ರ ಜಡ್ಡಿನ ಬಡಿತ ಬ್ಯಾಡೋ ಮಾರಾಯ, ಅದನ್ನ ಬಡಿದಿ ಅಂದ್ರ ನಾಳಿಂದ ಒಬ್ಬರೂ ನನ್ನ ಅಂಗಡಿ ಕಡೆ ತಲಿ ಹಾಕಿ ಮಲಗಂಗಿಲ್ಲ, ಸಂತಿ ಬಡಿತಾನ ಬಡಿ, ಮಂದಿ ಹೆಂಗಿದ್ರೂ ಕೂಡ್ತಾರ, ಕೂಡಿದ ಮ್ಯಾಲ ಹೇಳು, ಎರಡೂ ಒಂದ ಅಲ್ಲೇನು. ಒಂದಲ್ಲ ಸಾವ್ಕಾರ್ರೇ ಅನ್ನಬೇಕಿತ್ತು, ಅಂದಿದ್ದರೆ ಏನಾಗುತ್ತಿತ್ತು, ಕಟ್ಟೆಯಿಂದ ಇಳಿಸುತ್ತಿದ್ದರು ಅಷ್ಟೆ, ಇಳಿದು ಗೊತ್ತಿಲ್ಲದವನೆ ತಾನು, ಆದರೆ ಗ್ಲಾಸು ಕೈಯಲ್ಲಿ ಬಿಸಿಯಾಗಿತ್ತು, ಆಗಲಿ ಧಣಿ ಅಂದುಬಿಟ್ಟ. ಥೂ, ಒಂದು ಗ್ಲಾಸು ಚಹಾಕ್ಕೆ.

ಇದ್ದಿಲ ಹೊಗೆಯ ಬಸ್ಸು, ಏರು ಬಂದಲ್ಲೆಲ್ಲ ಇಳಿದು ನೂಕಬೇಕು, ಕುರುಗೋಡು ಮುಟ್ಟುವಾಗ ಹೊತ್ತು ನೆತ್ತಿಗೆ ಬಂದಿತ್ತು, ಮೊದಲು ತಂಗಿಯ ಮನೆಗೆ ಹೋಗಬಹುದಿತ್ತು, ಎಷ್ಟು ದೂರ, ಚಾವಡಿ ದಾಟಿ ಎಡಕ್ಕೆ ಹೊರಳಿದರೆ ಕೇರಿ, ಒಂದು ಬೀಡಿ ಸೇದಿ ಮುಗಿಸುವುದರೊಳಗೆ ಮುಟ್ಟುತ್ತಿದ್ದ, ಆದರೆ ಊರ ಕೆಲಸ ಮೊದಲು ಅನ್ನಿಸಿತು, ತಂಗಿಯಂತೂ ಹೆಸರಿಡುವ ದಿನದವರೆಗೆ ಡಬ್ಬಿ ಮುಟ್ಟುವವಳಲ್ಲ, ಇನ್ನೂ ಆರು ದಿನ ಇದೆ, ದೇವರ ಗೂಡಿಗಿಂತ ಭದ್ರ ಜಾಗ ಯಾವುದು. ಬಡಿದ, ಸಂತೆ ಬಡಿತ, ಮೊದಲ ಏಟಿಗೇ ಕೈಗೆ ಕಸಿವಿಸಿ, ಅಪ್ಪ ಎಲ್ಲೋ ಕೂತು ಕೇಳುತ್ತಿದ್ದ ಹಾಗೆ, ಊರ ನಾಲ್ಕು ಓಣಿಯಲ್ಲೂ ಬಡಿದ, ಕೇರಿ ಕೊನೆಗೆ, ಮಂದಿ ಸಾಹುಕಾರರು ಹೇಳಿದಂತೆಯೇ ಕೂಡಿದರು, ನಗುತ್ತ ಬಂದರು, ಕೇಳಿ ಬಾಯಿ ಮುಚ್ಚಿಕೊಂಡು ಹೋದರು, ಹಾಲಿನ ಡಬ್ಬಿ ತೆಗೀಬ್ಯಾಡ್ರಪ್ಪೋ, ವಿಷ ಆಗೈತಿ, ಚಾವಡಿಗೆ ತಂದು ಕೊಡ್ರಪ್ಪೋ, ಗಂಟಲು ಹರಿಯುವಂತೆ ಕೂಗಿದ, ಒಂದು ಮಾತೂ ಬಿಡಲಿಲ್ಲ, ಚಾವಡಿಯಲ್ಲಿ ಡಬ್ಬಿ ಬಂದು ಬಿದ್ದವು, ಒಬ್ಬ ಮುದುಕಿ ಹಾಲು ಬಾವಿಗೆ ಸುರಿಯಲೇನಪ್ಪಾ ಅಂತ ಕೇಳಿದಳು, ಬ್ಯಾಡ ಯವ್ವಾ, ಮಣ್ಣಾಗ ಹೂಳು ಅಂದ, ದೊಡ್ಡ ಮನುಷ್ಯನ ಹಾಗೆ, ಒಳ್ಳೆಯ ಕೆಲಸ ಮಾಡುತ್ತಿದ್ದೇನೆ ಅಂತ ಹೆಮ್ಮೆಯೂ ಆಗಿತ್ತಲ್ಲ ಆ ಗಳಿಗೆಯಲ್ಲಿ, ಸುಳ್ಳೇಕೆ. ಊರಾಚೆ ಕಪ್ಪು ಹೊಲದಲ್ಲಿ ಹತ್ತಿ ಬಿಡಿಸುತ್ತಿದ್ದ ಹೆಣ್ಣುಮಕ್ಕಳು ಇದ್ದರು ಅನ್ನುವುದು ನೆನಪಾಗಲಿಲ್ಲ, ಅಲ್ಲಿಗೆ ಮಾತು ಮುಟ್ಟುವುದಿಲ್ಲ ಅನ್ನುವುದು ನೆನಪಾಗಲಿಲ್ಲ, ಆ ಸಾಲಿನಲ್ಲಿ ಬಾಣಂತಿ ಮಗಳಿಗೆ ಒಂದು ತುತ್ತು ಹೆಚ್ಚು ಉಣಿಸಲು ಕೂಲಿಗೆ ಬಂದ ಸುಂಕಮ್ಮ ಇದ್ದಳು.

ಮೂರು ದಿನ, ಬಳ್ಳಾರಿಯ ಆಸ್ಪತ್ರೆ, ರೆಪ್ಪೆ ಏಳಲಿಲ್ಲ, ಅಣ್ಣಾ ನೀನು ಇಬ್ಬರು ಕಾಣ್ತಿ ಅಂತ ಮೊದಲ ದಿನ ಅಂದಳು, ಎರಡನೆಯ ದಿನ ಮಾತು ಮೂಗಿನಲ್ಲೇ ಉಳಿಯಿತು, ಹತ್ತಿ ಅದ್ದಿ ತುಟಿಗೆ ಹಿಡಿದ ನೀರು ಬಾಯಿಯ ಅಂಚಿನಿಂದ ಹೊರಗೇ ಬಂತು, ಮೂರನೆಯ ದಿನ ಏನೂ ಇಲ್ಲ. ಮಾರೆಮ್ಮ ಉಳಿದಳು, ಅವಳು ನೀರಿಗೆ ಹೋಗುವ ಮುಂಚೆ ತನ್ನ ಪಾಲಿನದನ್ನು ಚಹಾಕ್ಕೆ ಹಾಕಿ ಕುದಿಸಿ ಕುಡಿದಿದ್ದಳು, ಕುದಿಸಿದ್ದಕ್ಕೇ ಬಚಾವಾದಿ ಅಂದರು ಡಾಕ್ಟರು, ಕೂಸಿಗೆ ಇನ್ನೂ ಕೊಟ್ಟಿರಲಿಲ್ಲ, ದೇವರು ದೊಡ್ಡವನು ಅಂದರು ಮಂದಿ, ದೊಡ್ಡವನಿರಬೇಕು, ಅಜ್ಜಿಯ ಹೆಸರನ್ನೇ ಕೂಸಿಗೆ ಇಟ್ಟರು. ತಿಪ್ಪೇರುದ್ರಪ್ಪ ಮಣ್ಣಿಗೆ ಬರಲಿಲ್ಲ, ಅಕ್ಕಿ ಕಳಿಸಿದರು, ಹಲಗೆಯನ್ನು ಅವತ್ತೇ ಅಟ್ಟಕ್ಕೆ ಎಸೆದ, ಬಳ್ಳಾರಿ ಬಿಟ್ಟು ಸಿರುಗುಪ್ಪದ ಕಚೇರಿಗೆ ಕಸ ಹೊಡೆಯಲು ಸೇರಿಕೊಂಡ. ಆಮೇಲೆ ಮಾರೆಮ್ಮನೇ ಸಮಾಧಾನ ಹೇಳಿದಳು, ಹೆತ್ತವ್ವನನ್ನು ಕಳೆದುಕೊಂಡವಳು ತನಗೆ ಸಮಾಧಾನ ಹೇಳಿದಳು, ನೀನ್ಯಾಕ ಹಿಂಗ ಕೊರಗ್ತಿ ಮಾವ, ನೀನು ಗಂಟಲು ಹರಕೊಂಡು ಸಾರಿದಿ, ಅವ್ವ ಹೊಲದಾಗಿದ್ಲು, ಅವ್ವಗ ಕೇಳಿಸ್ಲಿಲ್ಲ, ಹಣೇಬರಹ. ಊರೂ ಅದನ್ನೇ ಅಂದಿತು, ಪಾಪ, ಒಡಹುಟ್ಟಿದ ಅಣ್ಣನೇ ಸಾರಿದರೂ ಕೇಳಿಸಲಿಲ್ಲವಲ್ಲ. ಹೂಂ ಅಂದ. ಆರು ವರ್ಷ ಹೂಂ ಅಂದ. ಅವಳಿಗೆ ಕೇಳಿಸಿತ್ತು ಅಂತ ಇವತ್ತಿನವರೆಗೆ ಒಂದು ನರಪಿಳ್ಳೆಯ ಮುಂದೂ ಹೇಳಲಿಲ್ಲ.

ಏನಾತೋ, ನಿಂತಲ್ಲೇ ನಿದ್ದಿ ಮಾಡ್ತಿಯೇನು, ಇನ್ಸ್‌ಪೆಕ್ಟರರ ದನಿ, ಒಳ್ಳೇ ಸುದ್ದಿ ಐತಿ, ಖುಷಿಲೆ ಬಡಿಯೋ, ಮಕ್ಕಳು ಓಡಿ ಬರಬೇಕು, ಆಗಲೇ ನಾಲ್ಕು ಹೆಂಗಸರು ಕೊಡ ಇಳಿಸಿ ನಿಂತಿದ್ದಾರೆ, ಈ ಡಬ್ಬಿ ಚೆನ್ನಾಗಿರಬಹುದು, ಇರುತ್ತದೆ, ಸರ್ಕಾರದ್ದು, ಡಾಕ್ಟರು ನೋಡಿರುತ್ತಾರೆ, ಉಬ್ಬಿಲ್ಲವೇ ಸಾಹೇಬ್ರೇ, ತೆಗೆದು ನೋಡ್ರಿ ಸಾಹೇಬ್ರೇ, ಅಂದನೆ, ಅಂದುಕೊಂಡನಷ್ಟೆ, ಕೋಲು ಎತ್ತಿದ್ದಾಯಿತು, ಯಾವ ಬಡಿತ, ಹಾಲಿಗೆ ಯಾವ ಬಡಿತ, ಒಂದೇ ಒಂದು ಏಟು ಹಾಕಿದರೆ ಎರಡನೆಯದು ತಾನಾಗಿ ಬೀಳುತ್ತದೆ, ಅವತ್ತು ಚಾವಡಿ ದಾಟಿ ಎಡಕ್ಕೆ ಹೊರಳಿದ, ಕೇರಿ, ಬೇವಿನ ಮರ, ಚಾವಡಿಗೆ ಬಂದ ಡಬ್ಬಿಗಳ ಲೆಕ್ಕ ಒಪ್ಪಿಸಿ ಬಂದ ಕಾಲುಗಳು ಹಗುರ, ಮಾರೆಮ್ಮ ನೀರಿಗೆ ಹೋಗಿದ್ದಳು, ಹೊಸ್ತಿಲ ಮೇಲೆ ಸುಂಕಮ್ಮ, ಸೀರೆಗೆ ಅಂಟಿದ ಹತ್ತಿಯ ಎಳೆ ಇನ್ನೂ ಹಾಗೇ, ಸಾಲನ್ನು ಅರ್ಧಕ್ಕೆ ಬಿಟ್ಟು ಓಡಿ ಬಂದವಳು, ಮುಖ ಎಷ್ಟು ಅರಳಿತ್ತು, ಬಾ ಅಣ್ಣಾ, ನಿನ್ನ ಬಡಿತ ಹೊಲದಾಗ ಕೇಳ್ತು, ಸಂತಿ ಬಡಿತ, ಯಾರಿಗೂ ಹೇಳದ ಓಡಿ ಬಂದೆ, ನಮ್ಮಣ್ಣ ಮತ್ತ ಹಾಲು ತಂದಾನ ಅನ್ಕೊಂಡು, ಇನ್ನೊಂದು ಡಬ್ಬಿ ಬರ್ತೈತಿ ಅಂದ ಮ್ಯಾಲ ಇದನ್ನ ಯಾಕ ಕಾದಿಡಬೇಕು ಅಂತ ತೆಗೆದೆ ನೋಡು, ಸೀ ಇತ್ತಣ್ಣಾ, ಒಂದೀಟು ಹುಳಿ, ಬೆರಳಿಲೆ ಬಳಕೊಂಡು ತಿಂದೆ. ತೊಡೆಯ ಮೇಲೆ ಕೂಸು, ಪಕ್ಕದಲ್ಲಿ ಬೋರಲು ಹಾಕಿದ ಡಬ್ಬಿ, ಹಸುವಿನ ಚಿತ್ರ ತಲೆಕೆಳಗು, ಕೂಸಿನ ಅಳು ನಿಲ್ಲಿಸಲು ಡಬ್ಬಿಯ ತಳದ ಮೇಲೆ ಅವಳ ಎರಡು ಬೆರಳು ಬಡಿಯುತ್ತಿದ್ದವು, ಜನ್ಮದಲ್ಲಿ ಹಲಗೆ ಮುಟ್ಟದ ಬೆರಳು, ಒಂದು ಏಟೂ ತಪ್ಪಲಿಲ್ಲ, ಏಟಿನ ಹಿಂದೆ ಏಟು, ಬರ್ರಿ ಬರ್ರಿ, ಅಣ್ಣ ಬಡಿದದ್ದನ್ನೇ ಬಡಿಯುತ್ತಿದ್ದಳು, ಅಣ್ಣ ಬಡಿದದ್ದಕ್ಕಿಂತ ಚೆನ್ನಾಗಿ, ಹಾಲಿನ ಅಂಟಿಗೆ ಹೊಳೆಯುವ ಎರಡು ಬೆರಳು, ತಗಡಿನ ಮೇಲೆ, ಎರಡು ಬೆರಳು, ನಗುತ್ತ ಅಣ್ಣನ ಮುಖ ನೋಡುತ್ತ, ಸರಿ ಐತೇನಣ್ಣಾ, ಎರಡು ಬೆರಳು —