ಪಿರಿಯಾಪಟ್ಟಣಕ್ಕೆ ಬಂದ ಹಡಗು

ಪಿರಿಯಾಪಟ್ಟಣದಲ್ಲಿ ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದ ಪೀರ್ ಸಾಬರ ತಾತ ತೀರಿಕೊಂಡು ನಲವತ್ತು ವರ್ಷ ಕಳೆದಿತ್ತು. ಆದರೂ ನಾಲ್ಕು ವರ್ಷದಿಂದ ಷಬೇಬರಾತ್ ಬಂದಾಗಲೆಲ್ಲ ಆ ತಾತನ ಗೋರಿಗೆ ಎರಡು ಪಾಲು ಹೂವು ಬೀಳುತ್ತಿತ್ತು. ಒಂದು ಪಾಲು ಅವರದೇ. ಇನ್ನೊಂದು ಪಾಲು ಖದೀರನದು.

ಖದೀರ್, ಪೀರ್ ಸಾಬ್ ಮತ್ತು ಅವರ ಹೆಂಡತಿ ಅಜ್ಮತುನ್ನೀಸಾರ ಒಬ್ಬನೇ ಮಗ. ಬೊಂಬಾಯಿಗೆ ಹೋಗಿ ಸರಕಿನ ಹಡಗೊಂದರಲ್ಲಿ ಅಡಿಗೆಯವನಾಗಿ ಸೇರಿದ್ದ. ಎರಡನೇ ಮಹಾಯುದ್ಧದ ನಡುವೆ ಶತ್ರುಗಳು ಆ ಹಡಗನ್ನು ಮುಳುಗಿಸಿದರು. ಗೋಧಿ, ಚಹಾ, ಮೂವತ್ತೆರಡು ಜನ, ಎಲ್ಲ ಒಟ್ಟಿಗೆ ನೀರಿಗೆ ಹೋಯಿತು. ಕಂಪನಿಯ ಕಾಗದ ಬಂದ ದಿನ ಸ್ಕೂಲಿನ ಮೇಷ್ಟ್ರು ತಾವಾಗಿಯೇ ಭೂಪಟದ ಪುಸ್ತಕ ಹಿಡಿದು ಮನೆಗೆ ಬಂದರು. ಅಜ್ಮತುನ್ನೀಸಾಗೆ ಮಗ ಎಲ್ಲಿದ್ದಾನೆಂದು ತೋರಿಸಬೇಕೆಂಬುದು ಅವರ ಆಸೆ. ನೀಲಿ ಪುಟ ತೆರೆದು ಹುಡುಕಿ ಹುಡುಕಿ, "ಇಲ್ಲಿ" ಎಂದು ಬೆರಳಿಟ್ಟರು. ಬೆರಳಿಟ್ಟ ಜಾಗದಲ್ಲಿ ಪುಸ್ತಕದ ಹುಳ ತಿಂದ ತೂತಿತ್ತು. ಮೇಷ್ಟ್ರು ಹುಳವೇ ತಾವು ಎಂಬಂತೆ ನಾಚಿಕೊಂಡರು.

ಸತ್ತವರಿಗೆ ಹೂವು ಹಾಕುವ ಷಬೇಬರಾತಿನ ದಿನ ಹೂವು ಹಾಕಲು ಒಂದು ಜಾಗವಿಲ್ಲ ಎಂಬುದೇ ಅಜ್ಮತುನ್ನೀಸಾಳ ಕೊರಗು. ದೇಹವಿಲ್ಲದೆ ಗೋರಿ ಕಟ್ಟುವಂತಿಲ್ಲ. ಕಟ್ಟಿದ್ದರೂ ಹೆಂಗಸರು ಖಬರಸ್ತಾನಕ್ಕೆ ಹೋಗುವ ರೂಢಿ ಆ ಊರಿನಲ್ಲಿರಲಿಲ್ಲ. ಹಾಗಾಗಿ ಅವಳು ಮಲ್ಲಿಗೆಯನ್ನು ಎರಡು ಪೊಟ್ಟಣ ಕಟ್ಟಿ ಗಂಡನ ಕೈಲಿ ಕೊಡುತ್ತಿದ್ದಳು.

"ಖದೀರಂದು ಎಲ್ಲಿ ಹಾಕಿದ್ರಿ?"

"ತಾತನ ಮೇಲೆ. ತಾತ ಅವನಿಗೆ ಮುಟ್ಟಿಸ್ತಾರೆ ಬುಡು."

"ನಿಮ್ ತಾತನಾ? ಬದುಕಿದ್ದಾಗ ಇನ್ನೊಬ್ರಿಗೆ ಒಂದು ಬೀಡಿ ಕೊಟ್ಟೋರಲ್ಲ, ಸತ್ತ ಮೇಲೆ ಹೂವು ಕೊಡ್ತಾರಾ?"

ಪೀರ್ ಸಾಬ್ ಕಲಾಯಿಗೆ ಬಂದಿದ್ದ ಪಾತ್ರೆಯೊಂದನ್ನು ಎತ್ತಿಕೊಂಡು ಉಜ್ಜತೊಡಗಿದರು. ತಾತನನ್ನು ಅವರೂ ನೋಡಿದ್ದರು.

ಯುದ್ಧ ಮುಗಿದ ಮರುವರ್ಷ ಊರಿನಲ್ಲಿ ಸ್ಮಾರಕ ಸಮಿತಿ ಎಂದೊಂದು ಹುಟ್ಟಿತು. ಜವಳಿ ಅಂಗಡಿಯ ಚನ್ನಬಸವಣ್ಣನವರು ಅದರ ಅಧ್ಯಕ್ಷರು. ಸಿಂಗಪುರದಲ್ಲಿ ಮಡಿದನೆಂದು ಸುದ್ದಿ ಬಂದಿದ್ದ ಸಿಪಾಯಿ ಪುಟ್ಟಸ್ವಾಮಿಗೆ ಕೆರೆ ಏರಿಯ ಮೇಲೆ ಒಂದು ವೀರಗಲ್ಲು ನಿಲ್ಲಿಸುವುದೆಂದು ತೀರ್ಮಾನವಾಯಿತು. ಒರಳುಕಲ್ಲು ಮಾಡುವ ಮಂಟಯ್ಯ ಆಳೆತ್ತರದ ಕಲ್ಲು ತಂದು, ಬಂದೂಕು ಹಿಡಿದು ಮೀಸೆ ತಿರುವಿದ ಪುಟ್ಟಸ್ವಾಮಿಯನ್ನು ಮೂರು ತಿಂಗಳು ಕೂತು ಕೆತ್ತಿದ. ಮೀಸೆಯ ಕೊನೆಯ ಎಳೆಗೆ ಉಳಿ ಇಟ್ಟಿದ್ದ ಹೊತ್ತಿಗೆ ಹುಣಸೂರಿನ ಬಸ್ಸಿನಿಂದ ಪುಟ್ಟಸ್ವಾಮಿಯೇ ಇಳಿದು ಬಂದ.

"ಬಲಗಡೆ ಮೀಸೆ ವಸಿ ಉದ್ದ ಆಯ್ತು ಕಣ್ಲಾ ಮಂಟ," ಎಂದ.

ಮಂಟಯ್ಯ ಉಳಿ ಬಿಸಾಕಿ ಓಡಿದ. ಅವನನ್ನು ಹುಣಸೆಮರದಿಂದ ಇಳಿಸಲು ಸಂಜೆಯವರೆಗೂ ಆಯಿತು.

ಬದುಕಿರುವ ಮಗನ ವೀರಗಲ್ಲು ಊರಲ್ಲಿರಕೂಡದೆಂದು ಪುಟ್ಟಸ್ವಾಮಿಯ ತಾಯಿ ಹಟ ಹಿಡಿದಳು. ಹೀಗೆ ಕಲ್ಲೊಂದು ಮಿಕ್ಕಿತು. ಅಜ್ಮತುನ್ನೀಸಾ ಗಂಡನನ್ನು ಎಬ್ಬಿಸಿ, ಟೋಪಿ ಇಟ್ಟು, ತಾನೂ ಸೆರಗು ಹೊದ್ದು ಹಿಂದಿನಿಂದ ತಳ್ಳಿಕೊಂಡೇ ಸಮಿತಿಗೆ ಕರೆತಂದಳು.

"ಆ ಕಲ್ಲು ನಮ್ ಖದೀರಂಗೆ ಆಗ್ಲಿ ಸ್ವಾಮಿ," ಎಂದರು ಪೀರ್ ಸಾಬ್. "ಕೆರೆ ಏರಿ ಮೇಲಾದ್ರೆ ಅವರಮ್ಮನೂ ಹೋಗಿ ಹೂವು ಹಾಕಬೋದು. ಷಬೇಬರಾತಿಗೆ ಇನ್ನು ಇಪ್ಪತ್ತು ದಿವ್ಸ ಐತೆ."

ಅಧ್ಯಕ್ಷರು ಗಂಟಲು ಸರಿಮಾಡಿಕೊಂಡರು. "ಪೀರ್ ಸಾಬ್ರೇ, ದುಃಖ ನನಗೂ ಇದೆ. ಆದರೆ ನಿಮ್ಮ ಮಗ ಅಡಿಗೆಯವನು. ಸೌಟು ಹಿಡಿದವನಿಗೆ ಕಲ್ಲು ನಿಲ್ಲಿಸಿದರೆ ನಾಳೆ ಬಸ್ ಸ್ಟ್ಯಾಂಡ್ ಹೋಟ್ಲಿನವರೆಲ್ಲ ಸಾಲಾಗಿ ನಿಲ್ತಾರೆ."

ಮೂಲೆಯಲ್ಲಿ ಕೂತಿದ್ದ ಪುಟ್ಟಸ್ವಾಮಿ ಎದ್ದು ನಿಂತ.

"ಅಣ್ಣಾವ್ರೇ, ನಾನು ಸಿಂಗಪುರದಿಂದ ಹಡಗಲ್ಲಿ ಬಂದೋನು. ಹತ್ತಿದ ಗಳಿಗೆಯಿಂದ ಇಳಿಯೋಗಂಟ ವಾಂತಿ. ನಮ್ ಸುಬೇದಾರ ಹತ್ರಾನೂ ಸುಳೀನಿಲ್ಲ. ಹಡಗಿನ ಅಡಿಗೆಯೋನು ಒಬ್ಬ ನನ್ ಹಣೆ ಹಿಡ್ಕಂಡು ಕುಂತ. ದಿನಾ ನಿಂಬೆಹಣ್ಣಿನ ಷರಬತ್ತು ಕೊಟ್ಟ. ಅವನ ಹೆಸರೂ ಕೇಳ್ಲಿಲ್ಲ ನಾನು. ಇಂತೋರು ಇಲ್ದಿದ್ರೆ ಆ ಕಲ್ಲು ನನಗೇ ಬೇಕಾಗಿತ್ತು."

ಅಜ್ಮತುನ್ನೀಸಾ ಸೆರಗಿನೊಳಗೇ ಕಣ್ಣೊರೆಸಿಕೊಂಡಳು. ಖದೀರನೂ ಯಾರದೋ ಹಣೆ ಹಿಡಿದಿರುತ್ತಾನೆ. ಚಿಕ್ಕವನಿದ್ದಾಗ ಮೇಕೆಗೆ ನೆಗಡಿಯಾದರೂ ಪಕ್ಕದಲ್ಲಿ ಕೂರುತ್ತಿದ್ದವನು.

ಅಧ್ಯಕ್ಷರು ಮೆತ್ತಗಾದರು, ಪೂರಾ ಅಲ್ಲ. "ಆಗಲಿ. ಮೇಲೆ ದೊಡ್ಡ ಅಕ್ಷರದಲ್ಲಿ 'ಅಧ್ಯಕ್ಷರು ಚನ್ನಬಸವಣ್ಣನವರು' ಅಂತ ಬರಲಿ. ಕೆಳಗೆಲ್ಲಾದರೂ ಹುಡುಗನ ಹೆಸರು ಹಾಕಿ."

ಮಂಟಯ್ಯನ ಕಷ್ಟ ಅಲ್ಲಿಂದ ಶುರುವಾಯಿತು. ಸಾಬರ ಮನೆಯ ಕಲ್ಲಿನ ಮೇಲೆ ಮನುಷ್ಯನ ರೂಪ ಇರಬಾರದು; ಪುಟ್ಟಸ್ವಾಮಿಯನ್ನು ಅಳಿಸಬೇಕು. ಅವನ ಜಾಗದಲ್ಲಿ ಹಡಗು ಬರಬೇಕು. ಊರಿನಲ್ಲಿ ಹಡಗು ನೋಡಿದವನು ಪುಟ್ಟಸ್ವಾಮಿ ಒಬ್ಬನೇ.

"ಎಂಗಿರ್ತದ್ಲಾ ಹಡಗು?"

"ನಾ ಕಂಡಿದ್ದು ಬಕೀಟು ಒಂದೇ ಕಣ್ಲಾ. ತಲೆ ಎತ್ತಿದ್ರೆ ತಾನೇ?"

"ಬಕೀಟು ಎಂಗಿತ್ತು?"

"ದುಂಡಗಿತ್ತು."

"ನೆಪ್ಪು ಮಾಡ್ಕೊಳ್ಳಲಾ. ಹೊಗೆ ಬತ್ತದಂತಲ್ಲ ಮೇಲಿಂದ?"

"ಊ, ಕೊಳವೆ ಐತೆ. ಹೊಗೆಸೊಪ್ಪಿನ ಬ್ಯಾರನ್ನಿಗೆ ಇಲ್ವಾ, ಅಂಗೇ."

ಮಂಟಯ್ಯನಿಗೆ ಇಷ್ಟು ಸಾಕಾಯಿತು. ನೀರಿನ ಮೇಲೆ ತೇಲುವ ದುಂಡನೆಯದು ಎಂದರೆ ಅವನು ಕಾವೇರಿಯ ಹರಿಗೋಲನ್ನು ಕಂಡಿದ್ದ. ಹೊಗೆಸೊಪ್ಪು ಬೇಯಿಸಿ ಒಣಗಿಸುವ ಹೆಂಚಿನ ಮನೆ, ಬ್ಯಾರನ್ನನ್ನು, ದಿನಾ ಕಾಣುತ್ತಿದ್ದ. ಹರಿಗೋಲಿನೊಳಗೆ ಒಂದು ಬ್ಯಾರನ್ ಇಟ್ಟ. ಹೆಂಚು, ಕಿಟಕಿ, ಕೊಳವೆ, ಹೊಗೆ ಯಾವುದನ್ನೂ ಬಿಡಲಿಲ್ಲ. ಒಳಗೆ ಸೊಪ್ಪು ಕಟ್ಟಿದ ಕೋಲುಗಳೂ ಇಣುಕುತ್ತಿದ್ದವು.

"ಹಡಗಿನಲ್ಲಿ ಹೊಗೆಸೊಪ್ಪು ಯಾಕೋ?" ಎಂದರು ಪೀರ್ ಸಾಬ್.

"ಸರಕಿನ ಹಡಗು ಅಂದ್ರಲ್ಲ ಸಾಬ್ರೇ."

ಅಜ್ಮತುನ್ನೀಸಾ ಗಂಡನನ್ನು ಸುಮ್ಮನಿರಿಸಿದಳು. ಖದೀರ್ ರಜೆಗೆ ಬಂದಿದ್ದಾಗ ಹಡಗಿನ ವಿಷಯ ಬೇಕಾದಷ್ಟು ಹೇಳಿದ್ದ. ಇದು ಹಡಗಲ್ಲವೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಆದರೆ ಮಂಟಯ್ಯನ ಹೆಬ್ಬೆರಳಿಗೆ ಸುತ್ತಿದ್ದ ಬಟ್ಟೆಯಲ್ಲಿ ರಕ್ತದ ಕಲೆಯಿತ್ತು. ಅವಳು, "ಬಹಳ ಚೆನ್ನಾಗೈತೆ ಮಂಟಯ್ಯ. ಅಡಿಗೆಮನೆಗೆ ಕಿಟಕಿ ಇಟ್ಟಿದೀಯಲ್ಲ, ಸೆಖೆ ಆಗಲ್ಲ ಅವನಿಗೆ," ಎಂದಳು. ಮತ್ತೆ, "ಉಳಿದ ಮೂವತ್ತೊಂದು ಜನ ಮಕ್ಕಳಿಗೂ ಏನಾದ್ರೂ ಹಾಕು. ಅವರ ಅಮ್ಮಂದಿರಿಗೂ ಹೂವು ಹಾಕೋಕೆ ಜಾಗ ಇಲ್ಲ," ಎಂದಳು.

"ಹೆಸರು ಗೊತ್ತಿಲ್ವಲ್ಲ ಬೂಬಮ್ಮ."

"ಒಬ್ಬೊಬ್ರಿಗೆ ಒಂದೊಂದು ಚುಕ್ಕಿ ಇಡು."

ಮಂಟಯ್ಯ ಹಡಗಿನ ಸುತ್ತ ಚುಕ್ಕಿ ಇಟ್ಟ. ಎಣಿಸಿ ನೋಡಿದರೆ ಮೂವತ್ತೆರಡಾಗಿತ್ತು. "ಒಂದು ಎಚ್ಚಾಯ್ತು," ಎಂದು ತಲೆ ಕೆರೆದುಕೊಂಡ.

"ಇರಲಿ ಬುಡು. ಹಡಗಲ್ಲಿ ಬೆಕ್ಕು ಸಾಕಿದೀವಿ ಅಂತ ಖದೀರ ಹೇಳಿದ್ದ."

ಕೊನೆಗೆ ಪುಟ್ಟಸ್ವಾಮಿಯ ತಲೆ ಉಳಿದಿತ್ತು. ಅದನ್ನು ತೆಗೆಯಲು ಮಂಟಯ್ಯ ಸುತ್ತಿಗೆ ಎತ್ತಿದ. ಮೂರು ತಿಂಗಳು ತಿದ್ದಿದ ಮೀಸೆಯನ್ನು ನೋಡಲಾರದೆ ಕಣ್ಣು ಮುಚ್ಚಿಕೊಂಡು ಹೊಡೆದ. ತಲೆಯೊಂದಿಗೆ ಕಲ್ಲಿನ ಅರ್ಧಭಾಗವೇ ಮುರಿದು ಬಿತ್ತು. ಅಧ್ಯಕ್ಷರ ಹೆಸರಿಗೆಂದು ಬಿಟ್ಟಿದ್ದ ಜಾಗವೆಲ್ಲ ಅದರಲ್ಲೇ ಹೋಯಿತು. ಉಳಿದದ್ದು ಸೊಂಟದೆತ್ತರದ ತುಂಡು. ಅದರ ಮೇಲೆ ಒಂದು ಹಡಗು, ಖದೀರನ ಹೆಸರು, ಮೂವತ್ತೊಂದು ಜನ, ಒಂದು ಬೆಕ್ಕು.

ಚನ್ನಬಸವಣ್ಣನವರು ಬಂದು ನೋಡಿ ಕೆಂಪಾದರು. "ಸಮಿತಿ ಕಟ್ಟಿದವನು ನಾನು. ನನ್ನ ಹೆಸರಿಲ್ಲದ ಕಲ್ಲು ಏರಿ ಮೇಲೆ ಏಳಲ್ಲ!" ಎಂದು ಹೇಳಿ ಹೊರಟೇಹೋದರು. ಅಷ್ಟರಲ್ಲಿ ಮಂಟಯ್ಯ ಕೆಮ್ಮಣ್ಣನ್ನು ಹುಚ್ಚೆಳ್ಳೆಣ್ಣೆಯಲ್ಲಿ ಕಲಸಿ ಕೆತ್ತಿದ ಗೆರೆಗಳಿಗೆಲ್ಲ ತುಂಬಿಯಾಗಿತ್ತು, ಗಾಡಿಯೂ ಬಂದಾಗಿತ್ತು. ಕಲ್ಲನ್ನು ಕೆರೆಯ ಸೋಪಾನದ ಹತ್ತಿರ ಮುಖ ಮೇಲೆ ಮಾಡಿ ಮಲಗಿಸಿ, ಎಲ್ಲರೂ ತಲೆತಗ್ಗಿಸಿಕೊಂಡು ಮನೆಗೆ ಹೋದರು. ಮಾರನೆಯ ದಿನವೇ ಷಬೇಬರಾತ್.

ಬೆಳಿಗ್ಗೆ ಅಜ್ಮತುನ್ನೀಸಾ ಎಂದಿನಂತೆ ಎರಡು ಪೊಟ್ಟಣ ಕಟ್ಟಿದಳು. ಒಂದನ್ನು ಗಂಡನಿಗೆ ಕೊಟ್ಟಳು. ಇನ್ನೊಂದನ್ನು ಕೊಡಲು ಕೈ ಮುಂದೆ ಬರಲಿಲ್ಲ.

"ಮಲಗಿದ್ರೂ ಅದು ಅವನ ಕಲ್ಲೇ. ನಾನೇ ಹೋಗ್ತೀನಿ," ಎಂದು ಕೆರೆಯ ಕಡೆ ಹೊರಟಳು.

ಕೆರೆಯಲ್ಲಿ ಮಡಿವಾಳರ ಚಿಕ್ಕಬೀರಮ್ಮ ಹಿಂದಿನ ಸಂಜೆ ಒಗೆದು ಒಣಗಿಸಿದ ಬಟ್ಟೆಗಳನ್ನು ಆಗಲೇ ಮನೆಮನೆಗೆ ಮುಟ್ಟಿಸಿ ಬಂದು, ಇನ್ನೊಂದು ಗಂಟನ್ನೂ ಒಗೆದು ನೆರಳಿನಲ್ಲಿ ಕೂತಿದ್ದಳು.

"ಬನ್ನಿ ಬೂಬಮ್ಮ, ನೋಡಿ, ಯಾರೋ ಪುಣ್ಯಾತ್ಮರು ಒಗೆಯಾಕೆ ಹೊಸ ಕಲ್ಲು ಹಾಕ್ಸವ್ರೆ. ಸರಿಯಾಗಿ ನನ್ನ ಕೈಗೆ ಒಗ್ಗೋ ಅಂಗೈತೆ. ಚುಕ್ಕಿ ಚುಕ್ಕಿ ಇರಾದ್ರಿಂದ ಕೊಳೆ ಎಂಗೆ ಬುಡ್ತದೆ ಅಂತೀರಾ!"

ಅಜ್ಮತುನ್ನೀಸಾ ನೋಡಿದಳು. ಕಲ್ಲಿನ ಮೇಲೆ ಸಬಕಾರದ ನೊರೆ ಇನ್ನೂ ಉಳಿದಿತ್ತು. ನೊರೆಯ ನಡುವೆ ಬ್ಯಾರನ್ ಹೊತ್ತ ಹರಿಗೋಲು ಆಡುತ್ತಿತ್ತು. ಮೊದಲ ಸಲ ಅದು ಸಮುದ್ರದಲ್ಲಿದ್ದಂತೆ ಕಂಡಿತು. ಅವಳಿಗೆ ಅಳು ಬರಬೇಕಿತ್ತು, ನಗು ಬಂತು. ಕಂಪನಿಯ ಕಾಗದ ಬಂದ ಮೇಲೆ ಅವಳು ಹಾಗೆ ನಕ್ಕಿರಲಿಲ್ಲ.

"ಅದು ನನ್ ಮಗನ ಕಲ್ಲು ಕಣಮ್ಮ."

ಚಿಕ್ಕಬೀರಮ್ಮ ದಡಕ್ಕನೆ ಎದ್ದು ಎರಡೂ ಕೈ ಕೆನ್ನೆಗಿಟ್ಟುಕೊಂಡಳು. "ಅಯ್ಯಯ್ಯೋ ಕೆಟ್ಟೆ! ಕೆಂಪು ಬೇರೆ ಬುಡ್ತು ಬೂಬಮ್ಮ, ಅಧ್ಯಕ್ಸರ ಬಿಳೀ ಕೋಟಿಗೆ! ಬೆನ್ನಿಗೆ ತಾನೆ, ಅವರಿಗೆ ಕಾಣಾಕಿಲ್ಲ ಅಂತ ಮಡಿಸಿ ಕೊಟ್ಬುಟ್ಟು ಬಂದೆ!"

ಅಷ್ಟರಲ್ಲಿ ಏರಿಯ ಮೇಲೆ ಜನ ಬರುವುದು ಕಂಡಿತು. ಮುಂಗಾರಿಗೆ ಕೆರೆ ತುಂಬಿದ್ದನ್ನು ನೋಡಲು ತಾಲ್ಲೂಕಿನ ಅಮಲ್ದಾರರು ಬಂದಿದ್ದರು. ಅವರಿಗೆ ದಾರಿ ತೋರಿಸುತ್ತ, ಇಸ್ತ್ರಿ ಮಾಡಿದ ಬಿಳಿ ಕೋಟು ತೊಟ್ಟ ಚನ್ನಬಸವಣ್ಣನವರು ಗತ್ತಿನಿಂದ ಮುಂದೆ ಮುಂದೆ ನಡೆಯುತ್ತಿದ್ದರು. ಅವರ ಬೆನ್ನ ತುಂಬ ಕೆಂಪಗೆ ಒಂದು ಹಡಗು. ಸುತ್ತ ಚುಕ್ಕಿಗಳು. ಕೆಳಗೆ, ಕನ್ನಡಿಯಲ್ಲಿ ಕಂಡಂತೆ ತಿರುಗಿ ಬಿದ್ದ ಖದೀರನ ಹೆಸರು. ಅವರು ಹೆಜ್ಜೆ ಹಾಕಿದಂತೆಲ್ಲ ಹಡಗು ಮೇಲೆ ಕೆಳಗೆ ತೇಲುತ್ತಿತ್ತು. ಹಿಂದೆ ಬರುತ್ತಿದ್ದ ಪುಟ್ಟಸ್ವಾಮಿ ತುಟಿ ಕಚ್ಚಿಕೊಂಡಿದ್ದ. ಜವಳಿ ಅಂಗಡಿಯಿಂದ ಕೆರೆಯವರೆಗೂ ಅರ್ಧ ಊರು ಆ ಬೆನ್ನು ನೋಡಿಯಾಗಿತ್ತು, ಬಾಯಿ ಬಿಟ್ಟವರಿಲ್ಲ.

ಅಮಲ್ದಾರರು ಕೊನೆಗೂ ತಡೆಯಲಾರದೆ ಕೇಳಿದರು. "ಅಲ್ರೀ, ಬೆನ್ನ ಮೇಲೆ ಹೊಗೆಸೊಪ್ಪಿನ ಬ್ಯಾರನ್ ಯಾಕೆ?"

ಅಧ್ಯಕ್ಷರು ಕತ್ತು ತಿರುಗಿಸಿದರು. ಬೆನ್ನು ಕಾಣಲಿಲ್ಲ. ಬಲಕ್ಕೆ ಒಂದು ಸುತ್ತು, ಎಡಕ್ಕೆ ಒಂದು ಸುತ್ತು ತಿರುಗಿದರು. ಬೆನ್ನು ಅವರೊಡನೆಯೇ ತಿರುಗಿತು.

"ಅದು ಹಡಗು ಸ್ವಾಮಿ," ಎಂದ ಪುಟ್ಟಸ್ವಾಮಿ, ಸಲ್ಯೂಟ್ ಹೊಡೆದು. "ನಮ್ಮೂರ ಖದೀರ್ ಅಂತ, ಸರಕಿನ ಹಡಗಲ್ಲಿ ಅಡಿಗೆ ಮಾಡ್ತಿದ್ದೋನು. ಯುದ್ಧದಲ್ಲಿ ಮುಳುಗೋದ. ಜತೆಗೆ ಮೂವತ್ತೊಂದು ಜನ. ನಮ್ ಅಧ್ಯಕ್ಷರಿಗೆ ಅವರ ಮೇಲೆ ಎಷ್ಟು ಅಭಿಮಾನ ಅಂದ್ರೆ, ಕಲ್ಲು ನಿಲ್ಸೋ ದಿವ್ಸ ಬೆನ್ನ ಮೇಲೂ ಬರೆಸ್ಕಂಡವ್ರೆ."

ಅಮಲ್ದಾರರು ತಲೆಯ ಮೇಲಿನ ಪೇಟ ಸರಿಮಾಡಿಕೊಂಡರು. "ಸಿಪಾಯಿಗಳನ್ನು ಎಲ್ಲರೂ ನೆನೀತಾರೆ. ಅವರಿಗೆ ಅನ್ನ ಮುಟ್ಟಿಸಿದವರನ್ನು ನೆನೆಯೋರು ಕಡಿಮೆ. ದೊಡ್ಡ ಮನಸ್ಸು ನಿಮ್ಮದು. ಕಲ್ಲು ಎಷ್ಟು ಹೊತ್ತಿಗೆ ನಿಲ್ಲಿಸ್ತೀರಿ?"

ಚನ್ನಬಸವಣ್ಣನವರು ಅಮಲ್ದಾರರನ್ನು ನೋಡಿದರು. ಪುಟ್ಟಸ್ವಾಮಿಯನ್ನು ನೋಡಿದರು. ಕೊನೆಗೆ ಪೊಟ್ಟಣ ಹಿಡಿದು ಸೋಪಾನದ ಹತ್ತಿರ ನಿಂತಿದ್ದ ಅಜ್ಮತುನ್ನೀಸಾಳನ್ನು ನೋಡಿದರು.

"ಇದೀಗ ಸ್ವಾಮಿ," ಎಂದರು. "ಲೇ ಮಂಟಯ್ಯನ್ನ ಕರೀರೋ!"

ಮಂಟಯ್ಯ ಏರಿಯ ಮೇಲೆ ಗುಣಿ ತೋಡಿದ. ಕಲ್ಲು ಹಗುರವಾಗಿತ್ತು, ನಾಲ್ಕು ಜನ ಸಾಕಿತ್ತು. ಐದನೆಯವರಾಗಿ ಅಧ್ಯಕ್ಷರೂ ಕೈ ಹಾಕಿದರು. ಅವರು ಬಗ್ಗಿದಾಗ ಬೆನ್ನಿನ ಹಡಗು, ಕಲ್ಲಿನ ಹಡಗು ಎರಡೂ ಅಕ್ಕಪಕ್ಕ ಬಂದವು. ಚಿಕ್ಕಬೀರಮ್ಮ ಒಂದು ಕೊಡ ನೀರು ತಂದು, ಯಾರೂ ಹೇಳದೆಯೇ, ಕಲ್ಲಿನ ನೊರೆಯನ್ನೆಲ್ಲ ತೊಳೆದಳು. ಅಜ್ಮತುನ್ನೀಸಾ ಪೊಟ್ಟಣ ಬಿಚ್ಚಿ, ಹೆಸರಿನ ಕೆಳಗೆ ಒಂದು ಹಿಡಿ ಹೂವು ಹಾಕಿದಳು. ಆಮೇಲೆ ಚುಕ್ಕಿಗಳನ್ನು ಬೆರಳಿನಿಂದ ಎಣಿಸುತ್ತ ಒಂದೊಂದು ಚುಕ್ಕಿಗೆ ಒಂದೊಂದು ಹೂವು ಅಂಟಿಸುತ್ತ ಹೋದಳು. ಒದ್ದೆ ಕಲ್ಲಿಗೆ ಮಲ್ಲಿಗೆ ಚೆನ್ನಾಗಿ ಅಂಟಿತು. ಬೆಕ್ಕಿಗೂ ಒಂದು ಬಂತು.

ಮಧ್ಯಾಹ್ನ ಪೀರ್ ಸಾಬರ ಮನೆಯಿಂದ ಅಧ್ಯಕ್ಷರ ಮನೆಗೆ ಹಬ್ಬದ ಹಲ್ವ ಹೋಯಿತು. ಕೋಟಿನ ಕಲೆ ಹೋಗುವ ಹಾಗೆ ಇನ್ನೊಂದು ಸಲ ಒಗೆಯುತ್ತೇನೆಂದು ಚಿಕ್ಕಬೀರಮ್ಮ ಬಾಗಿಲಿಗೆ ಹೋದರೆ, ಅವರು ಹಲ್ವ ತಿನ್ನುತ್ತಲೇ, "ಹೋಗಲಿ ಬಿಡಮ್ಮ, ಬರೋ ವರ್ಷಕ್ಕೂ ಬೇಕಾಗ್ತದೆ," ಎಂದರಂತೆ.

ಸಂಜೆ ಪೀರ್ ಸಾಬ್ ಖಬರಸ್ತಾನದಿಂದ ಬಂದು ಟೋಪಿ ತೆಗೆದಿಟ್ಟರು. ಮುಖದಲ್ಲಿ ಸ್ವಲ್ಪ ಗಾಬರಿ ಇತ್ತು.

"ತಾತನಿಗೆ ಈ ಸಲ ಒಂದೇ ಪಾಲು ಹಾಕಿ ಬಂದೆ," ಎಂದರು. "ನಾಲ್ಕು ವರ್ಷದ ಅಭ್ಯಾಸ. ಏನಂತಾರೋ."

"ಏನಾದ್ರೂ ಅನ್ಲಿ," ಎಂದಳು ಅಜ್ಮತುನ್ನೀಸಾ, ಹಲ್ವದ ತಟ್ಟೆ ಅವರ ಮುಂದಿಡುತ್ತ. "ಅಷ್ಟು ವರ್ಷ ಹುಡುಗನ ಹೂವು ಇಟ್ಕೊಂಡಿದ್ರಲ್ಲ, ಅದನ್ನ ಮೊದ್ಲು ವಾಪಸ್ ಕೊಡಕ್ಕೇಳಿ."